ಪ್ರಯಾಣದ ವಾಂತಿಗೆ ಗಾಂಜಾ ಮದ್ದಾದೀತೇ?

ಕ್ಯಾನ್ಸರಿನ ಕೀಮೋಥೆರಪಿಯಿಂದ ಬರುವ ವಾಂತಿಗೆಂದು ಡ್ರೊನಾಬಿನಾಲ್ ಎಂಬ ಔಷಧಿಗೆ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿತು. ಅದು ಪ್ರಯೋಗಾಲಯದಲ್ಲಿ ತಯಾರಿಸಿದ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಅಮಲೇರಿಸುವ ಅಂಶವೇ. ಹಾಗಿದ್ದಮೇಲೆ ಬಸ್ಸು, ಹಡಗು ಹತ್ತಿದೊಡನೆ ಹೊಟ್ಟೆ ತೊಳಸುವವರಿಗೂ ಗಾಂಜಾ ಆಗಬೇಕಲ್ಲವೇ? ನ್ಯಾಯವಾದ ಪ್ರಶ್ನೆ. ಆದರೆ ಎಲ್ಲ ವಾಂತಿಯೂ ಒಂದೇ ದಾರಿಯಲ್ಲಿ ಬರುವುದಿಲ್ಲ.

ಕೀಮೋಥೆರಪಿಯಲ್ಲಿ ಕರುಳಿನ ಜೀವಕೋಶಗಳು ಸಿರೊಟೋನಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ವೇಗಸ್ ನರ ಆ ಸುದ್ದಿಯನ್ನು ಮಿದುಳಕಾಂಡಕ್ಕೆ ಮುಟ್ಟಿಸುತ್ತದೆ. ಪ್ರಯಾಣದಲ್ಲಿ ತಕರಾರು ಶುರುವಾಗುವುದು ಒಳಕಿವಿಯಲ್ಲಿ. ಓಡುವ ಬಸ್ಸಿನಲ್ಲಿ ಪುಸ್ತಕ ಓದುವಾಗ ಕಣ್ಣು ‘ನಿಂತಿದ್ದೇವೆ’ ಎನ್ನುತ್ತದೆ, ಒಳಕಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ. ಈ ಗೊಂದಲವೇ ವಾಕರಿಕೆಗೆ ಮೂಲ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಎರಡೂ ಒಳಕಿವಿಗಳ ಸಮತೋಲನದ ಅಂಗ ಪೂರ್ತಿ ಕೆಟ್ಟವರಿಗೆ ಹಡಗಿನ ಹೊಯ್ದಾಟದಲ್ಲೂ ವಾಂತಿ ಬರುವುದಿಲ್ಲ. ಸಿರೊಟೋನಿನ್‌ಗೆ ಅಡ್ಡಗಟ್ಟುವ ಒಂಡಾನ್ಸೆಟ್ರಾನ್ ಕೀಮೋ ವಾಂತಿಗೆ ಬಲು ಒಳ್ಳೆಯ ಮದ್ದಾದರೂ ಪ್ರಯಾಣದ ವಾಂತಿಗೆ ಅಷ್ಟಾಗಿ ನಾಟುವುದಿಲ್ಲ.

ಹಾಗೆಂದು ಗಾಂಜಾದ ವಿಚಾರವನ್ನು ಪಕ್ಕಕ್ಕೆ ತಳ್ಳಿಬಿಡುವಂತಿಲ್ಲ. ನಮ್ಮ ದೇಹವೇ ಟಿಎಚ್‌ಸಿಯಂತೆ ವರ್ತಿಸುವ ರಾಸಾಯನಿಕಗಳನ್ನು ತಯಾರಿಸುತ್ತದೆ. 1992ರಲ್ಲಿ ಪತ್ತೆಯಾದ ಅನಾಂಡಮೈಡ್ ಅವುಗಳಲ್ಲೊಂದು. ಇವು ಹೋಗಿ ಕೂರುವ ಸಿಬಿ1 ಗ್ರಾಹಕಗಳು ವಾಂತಿಯನ್ನು ನಿಯಂತ್ರಿಸುವ ಮಿದುಳಕಾಂಡದ ಭಾಗದಲ್ಲೂ ಇವೆ. ವಿಮಾನವನ್ನು ಕಮಾನಿನಂತೆ ಮೇಲೇರಿಸಿ ಇಳಿಸಿ, ಪ್ರತಿಸಲ ಇಪ್ಪತ್ತು ಸೆಕೆಂಡಿನಷ್ಟು ತೂಕವಿಲ್ಲದ ಸ್ಥಿತಿ ತರುವ ಹಾರಾಟಗಳಿವೆ. ಅಂಥ ಹಾರಾಟದಲ್ಲಿ ರಕ್ತ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಾಕರಿಕೆಯಿಂದ ಬಳಲಿದವರಲ್ಲಿ ಈ ರಾಸಾಯನಿಕಗಳ ಮಟ್ಟ ಉಳಿದವರಿಗಿಂತ ಕಡಿಮೆ ಇತ್ತು. ನನಗಂತೂ ಇದು ಈ ವಿಷಯದ ಅತ್ಯಂತ ಸ್ವಾರಸ್ಯದ ಸಂಗತಿ. ಇಲಿಗಳಿಗೆ ವಾಂತಿ ಮಾಡಲು ಬಾರದು. ಹಾಗಾಗಿ ಇಲಿಯಂತೆ ಕಂಡರೂ ಬೇರೆ ಜಾತಿಯವಾದ, ವಾಂತಿ ಮಾಡಬಲ್ಲ ಸುಂಡಿಲಿಗಳನ್ನು ಅಲುಗಾಡಿಸಿ ನೋಡಿದ್ದಾರೆ. ಟಿಎಚ್‌ಸಿ ಕೊಟ್ಟಾಗ ಅವುಗಳ ವಾಂತಿ ತಗ್ಗಿತು, ಗಾಂಜಾದ್ದೇ ಇನ್ನೊಂದು ಅಂಶವಾದ, ಅಮಲಿಲ್ಲದ ಸಿಬಿಡಿ ಕೊಟ್ಟಾಗ ತಗ್ಗಲಿಲ್ಲ. ಸಿಬಿಡಿ ಎಣ್ಣೆಯ ಬಗ್ಗೆ ಭರವಸೆ ಇಟ್ಟವರು ಇದನ್ನು ಗಮನಿಸಬೇಕು.

ಸುಂಡಿಲಿಯಿಂದ ಮನುಷ್ಯನವರೆಗಿನ ದಾರಿ ದೂರದ್ದು. ಟಿಎಚ್‌ಸಿಯೇ ತಲೆಸುತ್ತು ತರುತ್ತದೆ, ಎದೆಬಡಿತ ಏರಿಸುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಸುತ್ತದೆ, ನಿಂತ ನೆಲದ ಮೇಲೂ ಸಮತೋಲನ ತಪ್ಪಿಸುತ್ತದೆ. ತಿಂದರೆ ಪರಿಣಾಮ ಕಾಣಲು ಒಂದೆರಡು ಗಂಟೆಯೇ ಹಿಡಿಯಬಹುದು. ಇನ್ನೂ ಏನೂ ಆಗಲಿಲ್ಲವೆಂದು ಮತ್ತಷ್ಟು ತಿಂದವರು ಪಡುವ ಪಾಡು ಕೆಟ್ಟದ್ದು. ವರ್ಷಗಟ್ಟಲೆ ಸೇದಿದ ಕೆಲವರಿಗೆ ಗಾಂಜಾದಿಂದಲೇ ನಿಲ್ಲದ ವಾಂತಿ ಶುರುವಾಗುತ್ತದೆಂದು ಆಸ್ಟ್ರೇಲಿಯಾದ ವೈದ್ಯರು 2004ರಲ್ಲಿ ವರದಿ ಮಾಡಿದರು. ವಾಹನ ಓಡಿಸುವವರು ಇದರ ತಂಟೆಗೇ ಹೋಗಬಾರದು.

ಗಿಡದ ಮದ್ದೇ ಬೇಕೆನ್ನುವವರಿಗೆ ಇನ್ನೊಂದು ಮಾತು. ಪ್ರಯಾಣದ ವಾಂತಿಗೆ ಚೆನ್ನಾಗಿ ಪರೀಕ್ಷೆಗೊಳಗಾದ ಸ್ಕೊಪಲಮಿನ್ ದತ್ತೂರಿಯಂಥ ಗಿಡಗಳಲ್ಲಿ ಇರುವ ರಾಸಾಯನಿಕ. ಒಳಕಿವಿಯಿಂದ ಮಿದುಳಿಗೆ ಹೋಗುವ ಸಂದೇಶವನ್ನೇ ಅದು ತಗ್ಗಿಸುತ್ತದೆ. ಗಿಡವನ್ನು ತಿಂದರೆ ಪ್ರಾಣಕ್ಕೇ ಕುತ್ತು. ಅಳತೆ ಮಾಡಿ ಪಟ್ಟಿಯ ರೂಪದಲ್ಲಿ ಕಿವಿಯ ಹಿಂದೆ ಅಂಟಿಸಿಕೊಂಡರೆ ಮೂರು ದಿನ ಕೆಲಸ ಮಾಡುತ್ತದೆ. ಹೊರಡುವ ಕೆಲವು ಗಂಟೆ ಮೊದಲೇ ಅಂಟಿಸಬೇಕು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.