ಟರ್ಬೋ ಹೋಗಿದೆ ಅನ್ನುವ ಮೊದಲು

ಕುಮಟಾದಿಂದ ಶಿರಸಿಗೆ ಹೋಗುವ ದಾರಿ. ಕತಗಾಲ ದಾಟಿ ದೇವಿಮನೆ ಘಟ್ಟ ಶುರುವಾಗಿತ್ತು. ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತಬೇಕಾದ ಗಾಡಿ ಎರಡನೇ ಗೇರಿಗೆ ಇಳಿಸಿದರೂ ಮುಕ್ಕರಿಯುತ್ತಿತ್ತು. ಬಾನೆಟ್ಟಿನ ಒಳಗಿಂದ, ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬರುತ್ತದಲ್ಲ, ಅಂಥದ್ದೊಂದು ಸುಸ್ ಅನ್ನುವ ಸದ್ದು. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ. ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಶಿರಸಿ ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಯಿತು. ಪಕ್ಕದಲ್ಲಿ ಕೂತಿದ್ದ ಭಾವ ಏನೂ ಮಾತಾಡಲಿಲ್ಲ. ಅದೇ ಜಾಸ್ತಿ ನೋವಾಗಿದ್ದು.

ಗಾಡಿ 2016ರದ್ದು. 2.2 ಲೀಟರಿನ ಡೀಸೆಲ್ ಟರ್ಬೋ ಎಂಜಿನ್ ಇರುವ ಎಸ್‌ಯುವಿ. ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಡಬ್ಬಿ. ನಾನು ಕೊಂಡಾಗ ಮೀಟರಿನಲ್ಲಿ 1,18,000 ಕಿಲೋಮೀಟರ್ ಇತ್ತು. ಮರುದಿನ ಒಂದು ವರ್ಕ್‌ಶಾಪಿಗೆ ಒಯ್ದೆ. ಬಾನೆಟ್ ಎತ್ತಿ ಎರಡು ನಿಮಿಷ ಕೇಳಿಸಿಕೊಂಡು, "ಟರ್ಬೋ ಹೋಗಿದೆ ಸರ್, ಹೊಸದು ಹಾಕಿದರೆ 82 ಸಾವಿರ" ಅಂದರು. ಅಲ್ಲಿಂದ ಸೀದಾ ನಮ್ಮ ಹಳೇ ಮೇಸ್ತ್ರಿ ಹತ್ತಿರ ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ, ಕೈ ಹಾಕಿದರು. ಆ ಗಾಳಿ ತಣಿಸುವ ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಅಡಿಭಾಗ ಸವರಿ ಬೆರಳು ತೋರಿಸಿದರು. ಎಣ್ಣೆ ಬೆರೆತ ಕಪ್ಪು ಮಣ್ಣು. ಪೈಪು ಬಗ್ಗಿಸಿದಾಗ ಹಾವಿನ ಬಾಯಿ ತೆರೆದ ಹಾಗೆ ಬಿರುಕು ಬಿಟ್ಟುಕೊಂಡಿತು.

"ಟರ್ಬೋ ಹೋಗಿಲ್ಲ ಹೆಗಡೇರೇ. ಪೈಪು ಹೋಗಿದ್ದು."

ಪೈಪಿಗೆ 2,400, ಕೂಲಿ 400.

ಈ ಲೇಖನ ಬರೆಯಲು ಆ ಬಿರುಕೇ ಕಾರಣ. ಟರ್ಬೋ ತಾನಾಗಿ ಸಾಯುವುದು ಕಡಿಮೆ. ಸಾಮಾನ್ಯವಾಗಿ ಯಾವುದೋ ಅಗ್ಗದ ಸಾಮಾನು ಮೊದಲು ಸತ್ತು, ಆಮೇಲೆ ಅದನ್ನು ಸಾಯಿಸುತ್ತದೆ. ಯಾಕೆ ಹೀಗೆ ಅನ್ನುವುದು ತಿಳಿಯಬೇಕಾದರೆ ಆ ಡಬ್ಬಿಯೊಳಗೆ ಏನು ನಡೆಯುತ್ತದೆ ನೋಡಬೇಕು.

ಕುಮಟಾ ಇರುವುದು ಸಮುದ್ರದ ಮಟ್ಟದಲ್ಲಿ, ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿ. ಗಾಡಿ, ನಾಲ್ಕು ಜನ, ಹಿಂದೆ ಎರಡು ಚೀಲ ತೆಂಗಿನಕಾಯಿ ಸೇರಿ 2 ಟನ್ ಅಂತ ಇಟ್ಟುಕೊಳ್ಳಿ. ಇಷ್ಟು ಭಾರವನ್ನು ಅಷ್ಟು ಮೇಲೆ ಎತ್ತಲು ಬೇಕಾಗುವ ಶಕ್ತಿ ಸುಮಾರು 1.2 ಕೋಟಿ ಜೌಲ್. ಒಂದು ಲೀಟರ್ ಡೀಸೆಲಿನಲ್ಲಿ ಹತ್ತಿರ ಹತ್ತಿರ 3.6 ಕೋಟಿ ಜೌಲ್ ಇದೆ. ಆದರೆ ಎಂಜಿನ್ ಚಕ್ರಕ್ಕೆ ಕೊಡುವುದು ಅದರ ಮೂರನೇ ಒಂದು ಪಾಲು ಮಾತ್ರ. ಅಂದರೆ ಬರೀ ಎತ್ತುವುದಕ್ಕೇ ಒಂದು ಲೀಟರ್ ಡೀಸೆಲ್ ಬೇಕು, ಮುಂದಕ್ಕೆ ಓಡುವ ಖರ್ಚು ಬೇರೆ. ಉಳಿದ ಎರಡು ಪಾಲಿನಲ್ಲಿ ಒಂದನ್ನು ರೇಡಿಯೇಟರ್ ಮತ್ತು ಎಂಜಿನ್ನಿನ ಮೈ ಬಿಸಿ ಮಾಡಿ ಕಳೆಯುತ್ತವೆ. ಇನ್ನೊಂದು ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ ಹೋಗಿಬಿಡುತ್ತದೆ.

ಈ ಹೊಗೆಯ ಪಾಲಿನ ಮೇಲೆ ಕಣ್ಣು ಹಾಕಿದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಕಿ. ಹೋಗುವ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಐಡಿಯಾಕ್ಕೆ ಅವರು 1905ರಲ್ಲೇ ಪೇಟೆಂಟ್ ಪಡೆದರು. ಅದು ಹಡಗಿಗೆ ಬಂದದ್ದು 1920ರ ದಶಕದಲ್ಲಿ, ಮಾರಾಟದ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ನಮ್ಮ ಕರಾವಳಿಯವರು ಕಾರಿಗಿಂತ ಮುಂಚೆ ಟರ್ಬೋ ಸದ್ದು ಕೇಳಿದ್ದು ರೈಲಿನಲ್ಲಿ ಇರಬೇಕು. ಕೊಂಕಣ ರೈಲಿಗೆ ವಿದ್ಯುತ್ ಬರುವ ಮುಂಚೆ ಡೀಸೆಲ್ ಎಂಜಿನ್ನುಗಳು ಸ್ಟೇಷನ್ನಿನಿಂದ ಹೊರಡುವಾಗ ಸೀಟಿಯ ಹಾಗೆ ಏರುತ್ತಾ ಹೋಗುವ ಒಂದು ಸದ್ದು ಬರುತ್ತಿತ್ತಲ್ಲ, ಅದು ಟರ್ಬೋದ್ದೇ.

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಗಾಳಿ ಜಾಸ್ತಿ ತುಂಬಿದಷ್ಟೂ ಡೀಸೆಲ್ ಜಾಸ್ತಿ ಉರಿಸಬಹುದು. ಇಷ್ಟೇ ಟರ್ಬೋದ ಗುಟ್ಟು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು. ಒತ್ತಡ ಎರಡು ಪಟ್ಟಾದರೆ ಆ ಗಾಳಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಬಿಸಿ ಗಾಳಿ ತೆಳು. ಹಾಗಾಗಿ ಮುಂದೆ ಇಂಟರ್‌ಕೂಲರ್ ಅನ್ನುವ ಜಾಲರಿಯಲ್ಲಿ ಅದನ್ನು ತಣಿಸಿ ಎಂಜಿನ್ನಿಗೆ ಕಳಿಸುತ್ತಾರೆ. ನನ್ನ ಪೈಪು ಒಡೆದಿದ್ದು ಆ ದಾರಿಯಲ್ಲಿ. ಒಳಗೆ ಬಂದ ಗಾಳಿಯನ್ನು ಸೆನ್ಸರ್ ಮೊದಲೇ ಅಳೆದು ಕಂಪ್ಯೂಟರಿಗೆ ಹೇಳಿಬಿಟ್ಟಿರುತ್ತದೆ. ಕಂಪ್ಯೂಟರ್ ಅದಕ್ಕೆ ತಕ್ಕ ಡೀಸೆಲ್ ಬಿಡುತ್ತದೆ. ಗಾಳಿ ಮಾತ್ರ ದಾರಿಯಲ್ಲೇ ಸೋರಿಹೋಗಿದೆ. ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಬಸ್ಸಿನವರ ಮುಖಕ್ಕೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪೈಪು ಹಾಕಿಸಿದ ಮೂರು ತಿಂಗಳಿಗೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರತೊಡಗಿತು. ಎಂಜಿನ್ ಆಯಿಲ್ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಕಡಿಮೆಯಾಗುತ್ತಿತ್ತು. ಕಪ್ಪು ಹೊಗೆ ಅಂದರೆ ಗಾಳಿ ಸಾಲದ್ದು, ನೀಲಿ ಅಂದರೆ ಆಯಿಲ್ ಸುಡುತ್ತಿರುವುದು. ಬಿಳಿ ಹೊಗೆ ಗಾಡಿ ಬಿಸಿಯಾದ ಮೇಲೂ ನಿಲ್ಲದಿದ್ದರೆ ಎಂಜಿನ್ ತಣಿಸುವ ಕೂಲೆಂಟ್ ಒಳಗೆ ನುಗ್ಗಿದೆಯೋ ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲವೋ ನೋಡಬೇಕು. ಮಳೆಗಾಲದ ಬೆಳಿಗ್ಗೆ ಎರಡು ನಿಮಿಷ ಬರುವ ಬಿಳಿ ಹಬೆಗೆ ಹೆದರಬೇಡಿ, ಅದು ಬರೀ ನೀರು.

ಮೇಸ್ತ್ರಿ ಈ ಸಲ ಟರ್ಬೋದ ಮುಂದಿನ ಪೈಪು ಕಳಚಿ, "ಬೆರಳು ಹಾಕಿ ನೋಡಿ" ಅಂದರು. ಒಳಗೆ ಚಿಕ್ಕ ಅಲ್ಯೂಮಿನಿಯಂ ಫ್ಯಾನು, ಬುಗುರಿಯಷ್ಟೇ ದೊಡ್ಡದು. ಅಡ್ಡಕ್ಕೆ ಅಲ್ಲಾಡಿಸಿದೆ. ಒಂಚೂರು ಆಡಿತು. ಅಷ್ಟು ಆಡಲೇಬೇಕಂತೆ. ಆ ದಂಡ ಬೇರಿಂಗಿಗೆ ತಾಗಿ ಕೂತಿರುವುದಿಲ್ಲ, ಆಯಿಲಿನ ಮೇಲೆ ತೇಲುತ್ತಿರುತ್ತದೆ. ನಿಂತಾಗ ಆ ಆಯಿಲಿನ ಜಾಗ ಖಾಲಿ ಇರುತ್ತದೆ. ಆಮೇಲೆ ಹಿಂದೆ ಮುಂದೆ ಎಳೆದೆ. ಟಕ್ ಟಕ್ ಅಂತ ಸದ್ದಾಯಿತು. ಇದು ಆಗಬಾರದು. ರೆಕ್ಕೆಯ ತುದಿ ಗೂಡಿನ ಗೋಡೆಗೆ ಸವರಿ ಹೊಳೆಯುತ್ತಿತ್ತು.

ಆ ಬುಗುರಿ ಘಟ್ಟ ಹತ್ತುವಾಗ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗುತ್ತದೆ. ಸೆಕೆಂಡಿಗೆ 2,500. ಚಕ್ರದ ಅಗಲ 45 ಮಿಲಿಮೀಟರ್ ಅಂತ ಹಿಡಿದರೆ ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ 350 ಮೀಟರ್, ಶಬ್ದದ ವೇಗದಷ್ಟು. ದಂಡದ ಆ ಕಡೆ ತುದಿಯಲ್ಲಿ 700 ಡಿಗ್ರಿಗೂ ಮೀರಿದ ಹೊಗೆ, ಈ ಕಡೆ ತುದಿಯಲ್ಲಿ ಕಾಡಿನ ತಣ್ಣನೆ ಗಾಳಿ. ನಡುವೆ ಕೂದಲೆಳೆಗಿಂತ ತೆಳುವಾದ ಆಯಿಲಿನ ಪದರ. ಆ ಆಯಿಲ್ ಬರುವುದು ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದಪ್ಪದ ಒಂದು ಲೋಹದ ಕೊಳವೆಯಲ್ಲಿ. ಹಳೇ ಆಯಿಲ್ ಗಟ್ಟಿಯಾಗಿ ಕೊಳವೆ ಅರ್ಧ ಕಟ್ಟಿದರೂ ಸಾಕು, ಬೇರಿಂಗಿನ ಕಥೆ ಮುಗಿಯಿತು.

ನನ್ನ ಗಾಡಿಯಲ್ಲಿ ಎರಡೂ ಸೇರಿದ್ದವು. ಮೊದಲಿನ ಮಾಲೀಕರು ಆಯಿಲ್ ಬದಲಿಸುವುದನ್ನು ಎಳೆದಿದ್ದರು. ಮೇಲಿಂದ ಒಡೆದ ಪೈಪಿನಿಂದ ಗಾಳಿ ಸೋರುತ್ತಿದ್ದಾಗ, ಒತ್ತಡ ಸಾಲದೆ ಕಂಪ್ಯೂಟರ್ ಟರ್ಬೋವನ್ನು ಇನ್ನೂ ಜೋರು ತಿರುಗು ಅಂತ ಓಡಿಸಿತ್ತು. ಎಷ್ಟು ತಿಂಗಳು ಹಾಗೆ ಓಡಿತ್ತೋ. ಪೂರ್ತಿ ಟರ್ಬೋ ಬೇಡ, ಒಳಗಿನ ತಿರುಳು ಮಾತ್ರ ಬದಲಿಸಿದರೆ ಸಾಕು ಅಂತ ಮೇಸ್ತ್ರಿ ಹುಬ್ಬಳ್ಳಿಯಿಂದ ಕಾರ್ಟ್ರಿಡ್ಜ್ ತರಿಸಿದರು. ಅದಕ್ಕೆ 17,500. ಹೊಸ ಆಯಿಲ್ ಕೊಳವೆ, ಗ್ಯಾಸ್ಕೆಟ್, ಆಯಿಲ್, ಫಿಲ್ಟರ್, ಕೂಲಿ ಎಲ್ಲ ಸೇರಿ 29 ಸಾವಿರ ದಾಟಿತು. ಕೊಳವೆ ಬದಲಿಸದೆ ಬರೀ ಟರ್ಬೋ ಹಾಕಿಕೊಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಈ ಒಂದು ಪ್ರಶ್ನೆ ಕೇಳಿ: ಹಳೇದು ಯಾಕೆ ಹೋಯಿತು? ಉತ್ತರ ಇಲ್ಲದ ಗ್ಯಾರೇಜಿಗೆ ದುಡ್ಡು ಕೊಡಬೇಡಿ.

ಇನ್ನೊಂದು ಅಭ್ಯಾಸ. ದೇವಿಮನೆ ಗುಡಿ ಮುಂದೆ ಎಷ್ಟೋ ಮಂದಿ ಗಾಡಿ ನಿಲ್ಲಿಸಿ ಕೈಮುಗಿಯುತ್ತಾರೆ. ಘಟ್ಟ ಹತ್ತಿದ ಬಿಸಿಯಲ್ಲೇ ಕೀ ತಿರುಗಿಸಿ ಎಂಜಿನ್ ಬಂದ್ ಮಾಡಿದರೆ ಆಯಿಲ್ ಪಂಪೂ ನಿಲ್ಲುತ್ತದೆ. ಕೆಂಪಗೆ ಕಾದ ಟರ್ಬೋದಲ್ಲಿ ಸಿಕ್ಕಿಕೊಂಡ ಆಯಿಲ್ ಅಲ್ಲೇ ಸೀದು ಕರಿ ಕಟ್ಟುತ್ತದೆ, ದೋಸೆ ಕಾವಲಿಯ ಅಂಚಿನ ಹಾಗೆ. ಒಂದು ನಿಮಿಷ ಗಾಡಿ ಸುಮ್ನೆ ಆನ್ ಇರಲಿ. ಯಾರಾದರೂ ಸ್ಟಿಯರಿಂಗ್ ಹತ್ತಿರ ಕೂತಿದ್ದರೆ ಉಳಿದವರು ಕೈಮುಗಿದು ಬರಬಹುದು.

ಡೀಸೆಲ್ ಗಾಡಿಯ ಇನ್ನೊಂದು ಶತ್ರು ಮಸಿ. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ವಾಪಸ್ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ಅಂಟಿಕೊಳ್ಳುತ್ತದೆ. ಬಿಚ್ಚಿ ತೊಳೆದರೆ ಎರಡು ಮೂರು ಸಾವಿರ, ಬದಲಿಸಿದರೆ 10 ಸಾವಿರದ ಮೇಲೆ. ಟರ್ಬೋದ ಬಿಸಿ ಕಡೆಯಲ್ಲಿ ಕಿಟಕಿಯ ಪಟ್ಟಿಗಳ ಹಾಗೆ ತೆರೆದು ಮುಚ್ಚುವ ಚಿಕ್ಕ ರೆಕ್ಕೆಗಳು ಇರುತ್ತವೆ. ಅವೂ ಮಸಿಗೆ ಅಂಟುತ್ತವೆ. ಆಗ ದೀಪ ಹತ್ತಿ, ಗಾಡಿ ತಾನೇ ಶಕ್ತಿ ಕಡಿಮೆ ಮಾಡಿಕೊಂಡು ಎತ್ತಿನ ಗಾಡಿಯಾಗುತ್ತದೆ. ಆ ರೆಕ್ಕೆ ತಿರುಗಿಸುವ ವ್ಯಾಕ್ಯೂಮ್ ಪೈಪನ್ನು ಇಲಿ ಕಡಿದರೂ ಲಕ್ಷಣ ಹೆಚ್ಚುಕಡಿಮೆ ಅದೇ. ಅಡಿಕೆ ಅಟ್ಟದ ಪಕ್ಕ ಗಾಡಿ ನಿಲ್ಲಿಸುವವರು ಇದನ್ನು ಮೊದಲು ನೋಡಿ. ಪೈಪಿಗೆ ನೂರಿನ್ನೂರು ರೂಪಾಯಿ ಅಷ್ಟೇ.

2020ರ ಏಪ್ರಿಲ್ ನಂತರದ, ಹೊಗೆಯ ಮೇಲಿನ ಬಿಎಸ್6 ನಿಯಮದ ಡೀಸೆಲ್ ಗಾಡಿ ಕೊಳ್ಳುವವರಿಗೆ ಡಿಪಿಎಫ್ ಅನ್ನುವ ಮಸಿ ಸೋಸುವ ಡಬ್ಬಿ ಜೊತೆಗೆ ಬರುತ್ತದೆ. ತುಂಬಿದ ಮಸಿಯನ್ನು ಅದು 600 ಡಿಗ್ರಿ ಹತ್ತಿರ ಕಾಯಿಸಿ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಕಾಲು ಗಂಟೆಯಾದರೂ ಒಂದೇ ಸಮ ಓಡಬೇಕು. ತೋಟದ ಮನೆಯಿಂದ ಪೇಟೆಗೆ ಏಳೆಂಟು ಕಿಲೋಮೀಟರ್, ಅಲ್ಲಿಂದ ವಾಪಸ್, ಇಷ್ಟೇ ಓಡಾಟದ ಗಾಡಿಯಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಬಿಟ್ಟ ಡೀಸೆಲ್ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಗೇಜ್ ಕಡ್ಡಿ ಎತ್ತಿ ನೋಡಿ "ಆಯಿಲ್ ಕಡಿಮೆಯೇ ಆಗಿಲ್ಲ, ಜಾಸ್ತಿಯೇ ಇದೆ" ಅಂತ ಖುಷಿ ಪಡುವವರನ್ನು ನೋಡಿದ್ದೇನೆ. ಅದು ಖುಷಿಯ ವಿಷಯ ಅಲ್ಲ, ಆಯಿಲ್ ನೀರಾಗಿದೆ. ಡಬ್ಬಿ ತೊಳೆಸಲು 10 ಸಾವಿರದ ಆಸುಪಾಸು, ಹೊಸದಕ್ಕೆ ಲಕ್ಷದ ಮಾತು. ವಾರಕ್ಕೊಮ್ಮೆ ಯಲ್ಲಾಪುರದ ಕಡೆಗೋ ಹುಬ್ಬಳ್ಳಿ ಕಡೆಗೋ ಓಡಿಸಿ ಬರುವುದು ಇದಕ್ಕಿಂತ ಅಗ್ಗ. ವಾರಕ್ಕೊಮ್ಮೆ ಹೋಗುವ ಕೆಲಸವೇ ಇಲ್ಲದಿದ್ದರೆ ಪೆಟ್ರೋಲ್ ಗಾಡಿ ನೋಡಿ.

ಎಂಜಿನ್ನಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅದರೊಳಗಿನ ಸಂದು ಎರಡು ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗ. ಡೀಸೆಲಿನಲ್ಲಿ ನೀರು ಬಂದರೆ ಅದು ಉಳಿಯುವುದಿಲ್ಲ. ಒಂದಕ್ಕೆ 15–20 ಸಾವಿರ, ಅಂಥವು ನಾಲ್ಕು. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರು ಇಳಿಸುವುದು ಪುಕ್ಕಟೆ. ಕ್ಲಚ್ಚು, ಅದರ ಹಿಂದಿನ ಫ್ಲೈವೀಲ್ ಸೇರಿದರೆ 40 ಸಾವಿರ ದಾಟುತ್ತದೆ. ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳುವವರ ಗಾಡಿ ಕೊಳ್ಳಬೇಡಿ.

ಹತ್ತಿಸಿದ 1.2 ಕೋಟಿ ಜೌಲ್ ಇಳಿಯುವಾಗ ಎಲ್ಲಿಗೆ ಹೋಗುತ್ತದೆ? ಬರೀ ಬ್ರೇಕಿನಲ್ಲೇ ಇಳಿದರೆ ಎಲ್ಲ ಬ್ರೇಕಿಗೆ. ಬಚ್ಚಲ ಹಂಡೆಯ 35 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ಹತ್ತಿದ ಗೇರಿನಲ್ಲೇ ಇಳಿಯಿರಿ ಅಂತ ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ. ಹಾಗಾಗಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ನಾನು ಪೇಟೆ ರಸ್ತೆಯಲ್ಲಿ ಓಡಿಸಿ ನೋಡುವುದಿಲ್ಲ. ಬೆಳಿಗ್ಗೆ ಬರುತ್ತೇನೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅನ್ನುತ್ತೇನೆ. ಆಮೇಲೆ ಸೀದಾ ಘಟ್ಟಕ್ಕೆ. ಹತ್ತುವಾಗ ಟರ್ಬೋ, ಪೈಪು, ಕ್ಲಚ್ಚು, ರೇಡಿಯೇಟರ್ ಬಾಯಿಬಿಡುತ್ತವೆ. ಇಳಿಯುವಾಗ ಬ್ರೇಕು.

ಭಾವನಿಗೂ ಈಗ ಗಾಡಿ ಬೇಕಾಗಿದೆ. ಕಳೆದ ತಿಂಗಳು ಕಾರವಾರದಲ್ಲಿ ಒಂದು ಇದೆ ಅಂತ ಹೋಗಿದ್ದೆವು. ಕೆಎ 30 ನಂಬರು, ಬಣ್ಣ ಮಿರಿಮಿರಿ, 60 ಸಾವಿರ ಕಿಲೋಮೀಟರೂ ಓಡಿರಲಿಲ್ಲ. ಸ್ಟಾರ್ಟ್ ಮಾಡಿದರೆ ಹೊಗೆ ಇಲ್ಲ, ಸದ್ದು ಇಲ್ಲ. ಸ್ಕ್ಯಾನರ್ ಹಾಕಿಸಿದೆ, 600 ರೂಪಾಯಿ. ಟರ್ಬೋ ಒತ್ತಡ ಕಂಪ್ಯೂಟರ್ ಕೇಳಿದಷ್ಟು ಬರುತ್ತಿತ್ತು. ಭಾವ ಆಗಲೇ ಜೇಬಿನ ಮೇಲೆ ಕೈಯಿಟ್ಟಿದ್ದ.

ಮನೆ ಕಡಲಿನಿಂದ ಕೂಗಳತೆ ದೂರ. ಗಾಡಿ ನಿಲ್ಲುತ್ತಿದ್ದದ್ದು ಮಾಡಿಲ್ಲದ ಅಂಗಳದಲ್ಲಿ. ಗಾಳಿಯ ಜೊತೆ ಬರುವ ಉಪ್ಪು ಕಬ್ಬಿಣದ ಮೇಲೆ ಕೂತು ತೇವ ಹಿಡಿದುಕೊಳ್ಳುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ತುಕ್ಕು ಹಿಡಿಯುವ ಕೆಲಸ ಬೇಗ ಆಗುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರು ಬೇರೆ. ನಾನು ಗೋಣಿಚೀಲ ಹಾಸಿ ಅಡಿಗೆ ಮಲಗಿದೆ. ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಹಿಂದಿನ ಚಕ್ರದ ಹತ್ತಿರ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ. ಸುಟ್ಟ ಹಪ್ಪಳ ಮುರಿದ ಹಾಗೆ ಸದ್ದಾಗಿ, ಅದು ಒಳಗೆ ಹೋಯಿತು.

"ಎಂತ ಭಾವ, ಹೇಗಿದ್ದು?" ಅಂತ ಭಾವ ಮೇಲಿಂದ ಕೇಳಿದ.

ಯಜಮಾನರು ಕೊಟ್ಟ ಚಹಾ ಕುಡಿದು, ಎರಡೂಕಾಲರ ಬಸ್ಸಿಗೆ ಶಿರಸಿಗೆ ಹೊರಟೆವು.