ಮುಂಚೆಯೇ ಹೇಳುವ ವಿಮಾನ

ಇಬ್ಬರು ಪೈಲಟ್‌ಗಳು ಒಂದೇ ಕಾಕ್‌ಪಿಟ್‌ನಲ್ಲಿ ಮೂರು ಗಂಟೆ ಕೂತರೆ, ಎರಡನೇ ಗಂಟೆಗೆ ಈ ಪ್ರಶ್ನೆ ಬಂದೇ ಬರುತ್ತದೆ. ಇಲ್ಲಿಯವರೆಗೆ ಹಾರಿಸಿದ್ದರಲ್ಲಿ ನಿಮಗೆ ಯಾವ ವಿಮಾನ ಇಷ್ಟ? ನಾನೂ ಎಷ್ಟೋ ಜನರನ್ನು ಕೇಳಿದ್ದೇನೆ. ಉತ್ತರ ಹೇಳುವಾಗ ಯಾರೂ ವೇಗ, ದೂರ, ಇಂಧನದ ಲೆಕ್ಕ ತೆಗೆಯುವುದಿಲ್ಲ. ಕೈ ಎತ್ತುತ್ತಾರೆ. ಅಂಗೈಯನ್ನು ಗಾಳಿಯಲ್ಲಿ ಸ್ವಲ್ಪ ಓರೆ ಮಾಡಿ, 'ಹೀಗೆ ಇಳಿಯುತ್ತಿತ್ತು ನೋಡಿ' ಅನ್ನುತ್ತಾರೆ.

ಈ ಕೆಲಸದವರಲ್ಲದವರು ಕೇಳಿದಾಗ ಯಾವುದೋ ದೊಡ್ಡ ಜೆಟ್‌ನ ಹೆಸರು ಬರುತ್ತದೆ ಅಂತ ಕಾಯುತ್ತಾರೆ. ನನ್ನ ಉತ್ತರ ಎಟಿಆರ್ 72. ಸುಮಾರು 70 ಸೀಟು, ಎರಡು ಪ್ರೊಪೆಲರ್. ಈಗ ನಾನು ದಿನವೂ ಹಾರಿಸುವುದು ಏರ್‌ಬಸ್ ಎ320. ಅದು ಜಾಸ್ತಿ ವೇಗದ್ದು, ಜಾಸ್ತಿ ಆರಾಮದ್ದು, ಕೆಲಸವೂ ಹಗುರ. ಆದರೂ ಉತ್ತರ ಬದಲಾಗಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೊದಲ ವಿಮಾನದಿಂದಲೇ ಶುರು ಮಾಡಬೇಕು.

ನಾನು ಕಲಿತದ್ದು ಸೆಸ್ನಾ 172ರಲ್ಲಿ. 1955ರಲ್ಲಿ ಮೊದಲ ಸಲ ಹಾರಿದ, ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ತಯಾರಾದ ನಾಲ್ಕು ಸೀಟಿನ ವಿಮಾನ. ಎಷ್ಟೋ ದೇಶಗಳ ಪೈಲಟ್‌ಗಳು ಓನಾಮ ಕಲಿತದ್ದು ಇದರಲ್ಲೇ. ಇದರ ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ಕಿಂಡಿ ಇದೆ. ಒಳಗೆ ಒಂದು ಕೊಳವೆ, ಕೊಳವೆಯ ತುದಿಯಲ್ಲಿ ಹಾರ್ಮೋನಿಯಂನಲ್ಲಿ ಇರುವಂಥದ್ದೇ ಒಂದು ರೀಡ್. ವೈರ್ ಇಲ್ಲ, ಬ್ಯಾಟರಿ ಬೇಕಿಲ್ಲ. ಮೂಗು ಎತ್ತಿಕೊಂಡು ವಿಮಾನ ವೇಗ ಕಳೆದುಕೊಳ್ಳುತ್ತಾ ಬಂದರೆ ಆ ಕಿಂಡಿಯ ಬಳಿ ಗಾಳಿಯ ಒತ್ತಡ ಇಳಿಯುತ್ತದೆ. ಕೊಳವೆಯ ಗಾಳಿ ಹೊರಕ್ಕೆ ಎಳೆದುಕೊಂಡು ಹೋಗುವಾಗ ರೀಡ್ ಪೀಪಿಯ ಹಾಗೆ ಕೂಗುತ್ತದೆ. ರೆಕ್ಕೆ ಇನ್ನು ವಿಮಾನವನ್ನು ಎತ್ತಿ ಹಿಡಿಯಲಾರದು ಅನ್ನುವ ಸ್ಥಿತಿಗೆ ನಾವು ಸ್ಟಾಲ್ ಅನ್ನುತ್ತೇವೆ. ವೇಗ ಆ ಸ್ಥಿತಿಗಿಂತ 5ರಿಂದ 10 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಜಾಸ್ತಿ ಇರುವಾಗಲೇ ಈ ಕೂಗು ಶುರುವಾಗುತ್ತದೆ.

ಹಾರುವ ಮುಂಚೆ ಇದು ಸರಿ ಇದೆಯಾ ಅಂತ ನೋಡುವ ಕ್ರಮ ಸರಳ. ಕಿಂಡಿಯ ಮೇಲೆ ಒಂದು ಶುಭ್ರವಾದ ಕರ್ಚೀಫ್ ಹಿಡಿದು, ಬಾಯಿಟ್ಟು ಗಾಳಿ ಎಳೆಯಬೇಕು. ಮೊದಲ ದಿನ ನಾನು ಹಾಗೆ ಎಳೆದಾಗ ಆ ಸದ್ದು ಹಲ್ಲಿನ ಬುಡದವರೆಗೆ ಬಂತು. ರೆಕ್ಕೆಯ ತಗಡು ತುಟಿಗೆ ತಣ್ಣಗಿತ್ತು. ಪಕ್ಕದಲ್ಲಿ ನಿಂತಿದ್ದ ಇನ್‌ಸ್ಟ್ರಕ್ಟರ್ ಹೇಳಿದರು: 'ಈ ಸದ್ದು ನೆನಪಿಟ್ಟುಕೋ. ಮೇಲೆ ಇದು ಕೇಳಿಸಿದರೆ ಹೆದರಬೇಡ. ನಿನಗಿನ್ನೂ ಟೈಮ್ ಇದೆ ಅಂತ ಅರ್ಥ.'

ಆ ಮಾತು ನನ್ನ ಇಡೀ ವೃತ್ತಿಯಲ್ಲಿ ಜೊತೆಗೆ ಬಂದಿದೆ. 172 ಬರೀ ಕೂಗಿ ಸುಮ್ಮನಾಗುವುದಿಲ್ಲ. ವೇಗ ಇಳಿದ ಹಾಗೆ ಕೈಯಲ್ಲಿರುವ ಕಂಟ್ರೋಲ್ ಸಡಿಲವಾಗುತ್ತದೆ, ನೀರಲ್ಲಿ ಕೈ ಆಡಿಸಿದ ಹಾಗೆ. ಆಮೇಲೆ ಮೈಯೆಲ್ಲ ಸಣ್ಣಗೆ ನಡುಗುತ್ತದೆ. ಆಮೇಲಷ್ಟೇ ಮೂಗು ಬೀಳುತ್ತದೆ. ತಪ್ಪು ದೊಡ್ಡದಾಗುವ ಮುಂಚೆ ಮೂರು ಸಲ ಹೇಳುವ ಯಂತ್ರ ಅದು. ಪೈಲಟ್‌ಗಳ ಇಷ್ಟದ ವಿಮಾನ ಅಂದರೆ ಬಹುಪಾಲು ಇದೇ ಅಂತ ನನ್ನ ನಂಬಿಕೆ. ಮುಂದೆ ಏನು ಮಾಡಲಿದ್ದೇನೆ ಅನ್ನುವುದನ್ನು ಮುಂಚೆಯೇ ಹೇಳುವ ವಿಮಾನ.

ವಿಮಾನ ಕೈಗೆ ಎಷ್ಟು ಒಗ್ಗುತ್ತದೆ ಅನ್ನುವುದನ್ನು ಅಳೆಯಲು ಟೆಸ್ಟ್ ಪೈಲಟ್‌ಗಳ ಹತ್ತಿರ ಒಂದು ಅಳತೆಗೋಲೇ ಇದೆ. 1969ರಲ್ಲಿ ಜಾರ್ಜ್ ಕೂಪರ್ ಮತ್ತು ರಾಬರ್ಟ್ ಹಾರ್ಪರ್ ರೂಪಿಸಿದ್ದು. 1ರಿಂದ 10ರವರೆಗೆ ಅಂಕ, ಕಡಿಮೆ ಬಂದಷ್ಟೂ ಒಳ್ಳೆಯದು. ಬೇಕಾದ ಕೆಲಸ ಆಗಬೇಕಾದರೆ ವಿಮಾನದ ಕೊರತೆಯನ್ನು ಪೈಲಟ್ ಎಷ್ಟು ತುಂಬಿಕೊಡಬೇಕು ಅನ್ನುವುದು ಅದರ ಮುಖ್ಯ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಆದರೆ ಇಷ್ಟವನ್ನು ಅದು ಅಳೆಯುವುದಿಲ್ಲ. ಕಡಿಮೆ ಶ್ರಮ ಬೇಡುವ ವಿಮಾನವೇ ಇಷ್ಟವಾಗಬೇಕು ಅಂತೇನಿಲ್ಲ.

ಬ್ರಿಟನ್ನಿನ ನೌಕಾಪಡೆಯ ಟೆಸ್ಟ್ ಪೈಲಟ್ ಎರಿಕ್ ಬ್ರೌನ್ 487 ಬಗೆಯ ವಿಮಾನ ಹಾರಿಸಿದವರು. ಬೇರೆ ಯಾರೂ ಆ ಸಂಖ್ಯೆ ಮುಟ್ಟಿಲ್ಲ. ಪಿಸ್ಟನ್ ಎಂಜಿನ್ ವಿಮಾನಗಳಲ್ಲಿ ಅವರ ಮನಸ್ಸಿಗೆ ಹತ್ತಿರವಾಗಿದ್ದು ಡಿ ಹ್ಯಾವಿಲ್ಯಾಂಡ್ ಹಾರ್ನೆಟ್. ಅದರ ಎರಡು ಪ್ರೊಪೆಲರ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು. ಹಾಗಾಗಿ ಟೇಕಾಫ್‌ನಲ್ಲಿ ಪೂರ್ತಿ ಪವರ್ ಕೊಟ್ಟರೂ ಮೂಗು ಪಕ್ಕಕ್ಕೆ ಎಳೆಯುತ್ತಿರಲಿಲ್ಲ. ಶಕ್ತಿಯಂತೂ ಬೇಕಾದ್ದಕ್ಕಿಂತ ಜಾಸ್ತಿ. ಅಷ್ಟು ವಿಮಾನ ಕಂಡ ಕೈಗೆ ಅದೇ ಹಿಡಿಸಿತು.

ಕೆರೆಗಳ ಮೇಲೆ, ಕಾಡಿನ ನಡುವಿನ ಸಣ್ಣ ರನ್‌ವೇಗಳ ಮೇಲೆ ಇಳಿಸುವ ಪೈಲಟ್‌ಗಳ ಜೊತೆ ಮಾತಾಡಿದರೆ ಬರುವ ಹೆಸರು ಡಿ ಹ್ಯಾವಿಲ್ಯಾಂಡ್ ಕೆನಡಾದ ಬೀವರ್. 1947ರ ವಿಮಾನ. ಕಾಗದದ ಮೇಲೆ ಗೆರೆ ಎಳೆಯುವ ಕಾಲದಲ್ಲೇ ಅದರ ಕಂಪನಿಯವರು ಕಾಡುಮೇಡಿನ ಪೈಲಟ್‌ಗಳನ್ನು ಕೇಳಿದ್ದರು, ನಿಮಗೆ ಏನೇನು ಬೇಕು ಅಂತ. ಅದರ ಫಲ ಒಂದೇ ಒಂದು ವಿವರದಲ್ಲಿ ಕಾಣುತ್ತದೆ. ಎಂಜಿನ್‌ಗೆ ಆಯಿಲ್ ಹಾಕುವ ಮುಚ್ಚಳ ಕಾಕ್‌ಪಿಟ್‌ನ ಒಳಗೇ ಇದೆ. ಕೊರೆಯುವ ಚಳಿಯಲ್ಲಿ ಎಂಜಿನ್ ಮೇಲೆ ಹತ್ತಬೇಕಿಲ್ಲ, ಹಾರುತ್ತಿರುವಾಗಲೇ ಆಯಿಲ್ ಹಾಕಬಹುದು. ನಾನು ಬೀವರ್ ಹಾರಿಸಿಲ್ಲ. ಆದರೆ ಆ ಮುಚ್ಚಳದ ಬಗ್ಗೆ ಹೇಳುವಾಗ ಅವರ ದನಿ ಬದಲಾಗುವುದು ನನಗೆ ಅರ್ಥವಾಗುತ್ತದೆ. ತಮ್ಮ ಕಷ್ಟ ಯಾರೋ ಕೇಳಿಸಿಕೊಂಡಿದ್ದಾರೆ ಅನ್ನುವ ಸಮಾಧಾನ ಅದು.

ಏರ್‌ಲೈನ್ ಪೈಲಟ್‌ಗಳಲ್ಲಿ ಮುಗಿಯದ ವಾದ ಅಂದರೆ ಬೋಯಿಂಗ್ 737 ಮತ್ತು ಎ320ರದ್ದು. 737 ಹಾರಿದ್ದು 1967ರಲ್ಲಿ, ಎ320 ಸುಮಾರು 20 ವರ್ಷದ ನಂತರ, 1987ರಲ್ಲಿ. ಈ ಅಂತರವೇ ಎರಡರ ಸ್ವಭಾವದ ಅಂತರ. 737ರಲ್ಲಿ ನಿಮ್ಮ ಮುಂದೆ ದೊಡ್ಡ ಕಂಟ್ರೋಲ್ ವೀಲ್ ಇರುತ್ತದೆ. ಒಬ್ಬರು ತಿರುಗಿಸಿದರೆ ಪಕ್ಕದವರದ್ದೂ ತಿರುಗುತ್ತದೆ. ಮೊಣಕಾಲಿನ ಪಕ್ಕದಲ್ಲಿ ಟ್ರಿಮ್‌ನ (ಕೈ ಒತ್ತಿ ಹಿಡಿಯದೆಯೇ ಮೂಗು ಬೇಕಾದ ಕೋನದಲ್ಲಿ ನಿಲ್ಲುವಂತೆ ಮಾಡುವ ಹೊಂದಾಣಿಕೆ) ಕಪ್ಪು ಚಕ್ರ, ಅದರ ಮೇಲೆ ಬಿಳಿ ಪಟ್ಟೆ. ಬಾಲದ ಟ್ರಿಮ್ ಬದಲಾದಾಗಲೆಲ್ಲ ಅದು ಕಟಕಟ ಅಂತ ತಿರುಗುತ್ತದೆ. ಎಂಜಿನ್ ಪವರನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ಅದನ್ನು ಬದಲಿಸಿದರೆ ಲಿವರ್‌ಗಳೇ ಮುಂದಕ್ಕೆ ಹಿಂದಕ್ಕೆ ಓಡಾಡುತ್ತವೆ. ಕೈ ಸುಮ್ನೆ ಮೇಲಿಟ್ಟಿದ್ದರೆ ಸಾಕು, ಎಂಜಿನ್ ಏನು ಮಾಡುತ್ತಿದೆ ಅಂತ ನೋಡದೆಯೇ ಗೊತ್ತಾಗುತ್ತದೆ. ಹದಿನೈದು ವರ್ಷ 737 ಹಾರಿಸಿದ ನನ್ನ ಸ್ನೇಹಿತರೊಬ್ಬರು ಹೇಳುತ್ತಾರೆ, ಕಣ್ಣು ಹೊರಗೆ ಮೋಡದ ಮೇಲಿದ್ದರೂ ಚಕ್ರದ ಸದ್ದಿನಿಂದಲೇ ಒಳಗಿನ ಸಮಾಚಾರ ತಿಳಿಯುತ್ತಿತ್ತು ಅಂತ.

ಎ320ರಲ್ಲಿ ಇದು ಬಹುಪಾಲು ಇಲ್ಲ. ಪಕ್ಕದಲ್ಲಿ ಒಂದು ಗಿಡ್ಡ ಸೈಡ್‌ಸ್ಟಿಕ್. ಅದನ್ನು ಎಳೆದರೆ ನಿಮ್ಮ ಇಷ್ಟ ಕಂಪ್ಯೂಟರ್‌ಗೆ ಹೋಗುತ್ತದೆ, ರೆಕ್ಕೆ ಬಾಲ ಎಷ್ಟು ಆಡಬೇಕು ಅಂತ ಅದು ಲೆಕ್ಕ ಹಾಕುತ್ತದೆ. ಸ್ಟಿಕ್ ಒಳಗಿರುವುದು ಸ್ಪ್ರಿಂಗ್. ವೇಗ ಎಷ್ಟಿದ್ದರೂ ಕೈಗೆ ಸಿಗುವ ಬಿಗಿ ಒಂದೇ. ಪಕ್ಕದವರ ಸ್ಟಿಕ್ ನಿಮ್ಮದರ ಜೊತೆ ಆಡುವುದಿಲ್ಲ. ಥ್ರಸ್ಟ್ ಲಿವರ್‌ಗಳನ್ನು ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಒಂದು ಗುರುತಿನಲ್ಲಿ ಕೂರಿಸಿದರೆ ಇಳಿಯುವವರೆಗೂ ಅಲ್ಲೇ. ಎಂಜಿನ್ ಏರಿಳಿಯುತ್ತಿರುತ್ತದೆ, ಲಿವರ್ ಅಲುಗುವುದಿಲ್ಲ.

ಎಟಿಆರ್‌ನಿಂದ ಇದಕ್ಕೆ ಬಂದಾಗ ನನಗೆ ಕಿವಿ ಮುಚ್ಚಿಕೊಂಡ ಹಾಗಾಗಿತ್ತು. ಸಿಮ್ಯುಲೇಟರ್‌ನಲ್ಲಿ ನನ್ನ ಮೊದಲ ಕೆಲವು ಲ್ಯಾಂಡಿಂಗ್‌ಗಳು ಗಟ್ಟಿಯಾಗಿ ಬಡಿದವು. ಕಾರಣ ಆಮೇಲೆ ತಿಳಿಯಿತು. ನೆಲಕ್ಕೆ ಇನ್ನು 50 ಅಡಿ ಇರುವಾಗ ಎ320ರ ಕಂಪ್ಯೂಟರ್ ಮೂಗಿನ ಕೋನವನ್ನು ನೆನಪಿಟ್ಟುಕೊಳ್ಳುತ್ತದೆ. 30 ಅಡಿಯಿಂದ ನಿಧಾನಕ್ಕೆ ಮೂಗನ್ನು ತಾನೇ ಕೆಳಕ್ಕೆ ಇಳಿಸುತ್ತದೆ. ಯಾಕೆ ಗೊತ್ತಾ? ಹಳೆಯ ವಿಮಾನಗಳಲ್ಲಿ ಇಳಿಯುವಾಗ ಸ್ಟಿಕ್ಕನ್ನು ಎಳೆಯುತ್ತಾ ಹೋಗಬೇಕಿತ್ತಲ್ಲ, ಆ ಅನುಭವ ಪೈಲಟ್ ಕೈಗೆ ಸಿಗಲಿ ಅಂತ. ಎಟಿಆರ್ 72 ಉದ್ದದ ವಿಮಾನ, ಮೂಗು ಜಾಸ್ತಿ ಎತ್ತಿದರೆ ಬಾಲ ನೆಲಕ್ಕೆ ತಾಗುವ ಭಯ. ಹಾಗಾಗಿ ಕಡಿಮೆ ಎಳೆದು ಅಭ್ಯಾಸವಾದ ಕೈ ನನ್ನದು. ಎ320 ಮೂಗು ಇಳಿಸುತ್ತಿತ್ತು, ನಾನು ಸಾಕಷ್ಟು ಎಳೆಯುತ್ತಿರಲಿಲ್ಲ.

ಈಗ ಎಟಿಆರ್. ಅದರ ಕೊರತೆಗಳನ್ನು ಮೊದಲು ಹೇಳಿಬಿಡುತ್ತೇನೆ. ಸದ್ದು ಜಾಸ್ತಿ. ಪಕ್ಕದ ಗಾಳಿಗೆ ಪೆಡಲ್ ಮೇಲಿನ ಕಾಲು ಚೆನ್ನಾಗಿ ಕೆಲಸ ಮಾಡಬೇಕು. ಆಟೋಥ್ರಾಟಲ್ ಇಲ್ಲ, ಪವರ್ ಪೂರ್ತಿ ನಿಮ್ಮ ಕೈಯಲ್ಲೇ. ಜೆಟ್‌ಗಳ ಹಾಗೆ ಮೋಡದ ಮೇಲೆ ಹೋಗುವುದಿಲ್ಲ, ಮೋಡದೊಳಗೇ ಹಾರುತ್ತದೆ. ಹಾಗಾಗಿ ರೆಕ್ಕೆಗೆ ಮಂಜುಗಡ್ಡೆ ಕಟ್ಟುವ ಅಪಾಯ ಯಾವಾಗಲೂ ತಲೆಯಲ್ಲಿರಬೇಕು. 1994ರಲ್ಲಿ ಅಮೆರಿಕದ ರೋಸ್‌ಲಾನ್ ಹತ್ತಿರ ಎಟಿಆರ್ 72 ಬಿದ್ದು 68 ಜನ ಸತ್ತದ್ದು ಈ ಮಂಜುಗಡ್ಡೆಯಿಂದಲೇ. ಆಮೇಲೆ ರೆಕ್ಕೆಯ ಅಂಚಿನ ರಬ್ಬರ್ ಬೂಟ್‌ಗಳನ್ನು, ಅಂದರೆ ಉಬ್ಬಿ ಮಂಜುಗಡ್ಡೆ ಒಡೆಯುವ ಪಟ್ಟಿಗಳನ್ನು, ಅಗಲ ಮಾಡಿದರು. ಪೈಲಟ್‌ಗಳ ತರಬೇತಿಯೂ ಬದಲಾಯಿತು. ಆ ವಿಮಾನವನ್ನು ಪ್ರೀತಿಸುವವರು ಆ ದಿನವನ್ನು ಮರೆಯಬಾರದು.

ಅದರ ಬಗ್ಗೆ ಇನ್ನೂ ಎರಡು ಸಣ್ಣ ವಿಷಯ ನನಗೆ ಇಷ್ಟ. ನಿಂತಾಗ ಕರೆಂಟು, ಎಸಿ ಕೊಡಲು ಜೆಟ್‌ಗಳ ಬಾಲದಲ್ಲಿ ಬೇರೆಯೇ ಒಂದು ಪುಟ್ಟ ಎಂಜಿನ್ ಇರುತ್ತದೆ. ಎಟಿಆರ್‌ನಲ್ಲಿ ಅದಿಲ್ಲ. ಬದಲಿಗೆ ಬಲಗಡೆಯ ಪ್ರೊಪೆಲರ್‌ಗೆ ಬ್ರೇಕ್ ಹಾಕಿ, ಎಂಜಿನ್ ಮಾತ್ರ ಓಡಿಸುತ್ತೇವೆ. ಇದಕ್ಕೆ ಹೋಟೆಲ್ ಮೋಡ್ ಅಂತ ಹೆಸರು. ಇನ್ನೊಂದು, ಜನ ಹತ್ತುವುದು ಹಿಂದಿನ ಬಾಗಿಲಿಂದ. ಎಲ್ಲರೂ ಹಿಂದೆಯೇ ಸೇರಿದರೆ ಬಾಲ ಕೂತುಬಿಡಬಹುದು. ಅದಕ್ಕೆ ಬಾಲದ ಕೆಳಗೆ ಒಂದು ಊರುಗೋಲು ನಿಲ್ಲಿಸುತ್ತಾರೆ. ಹೊರಡುವ ಮುಂಚೆ ಅದನ್ನು ತೆಗೆದರಾ ಅಂತ ನೋಡದೆ ನಾನು ಒಂದು ದಿನವೂ ಹೊರಟಿಲ್ಲ.

ನಾನು ಹಾರಿಸುತ್ತಿದ್ದದ್ದು ಹಳೆಯ 500 ಮಾದರಿ. ವೇಗ ತೋರಿಸಲು ಮುಳ್ಳಿನ ಮೀಟರ್. ಒಂದು ಸಂಜೆ ಬೆಟ್ಟದ ಪಕ್ಕದ ರನ್‌ವೇಗೆ ಇಳಿಯುತ್ತಿದ್ದೆವು. ಗಾಳಿ ಎದುರಿನ ಬಲಗಡೆಯಿಂದ ಬಿಟ್ಟು ಬಿಟ್ಟು ಬೀಸುತ್ತಿತ್ತು. ಎಡಗೈ ಕಂಟ್ರೋಲ್ ವೀಲ್ ಮೇಲೆ, ಬಲಗೈ ಪವರ್ ಲಿವರ್ ಮೇಲೆ. ನೂರು ಅಡಿಯ ಹತ್ತಿರ ಎಡಗೈಗೆ ವೀಲ್ ಮೆತ್ತಗಾದ ಹಾಗನ್ನಿಸಿತು. ಅಷ್ಟೇ. ಎಟಿಆರ್‌ನ ವೀಲ್‌ಗೂ ಬಾಲಕ್ಕೂ ನಡುವೆ ಇರುವುದು ತಂತಿ ಮತ್ತು ಸರಳು. ಹೊರಗೆ ಗಾಳಿಯ ಹರಿವು ಸಡಿಲವಾದರೆ ಅದು ನೇರ ಬೆರಳಿಗೆ ಬರುತ್ತದೆ. ಬೆನ್ನಿಗೆ ಸೀಟು ಹಗುರವಾಯಿತು. ಎದುರುಗಾಳಿ ಸತ್ತಿತ್ತು. ಮೀಟರಿನ ಮುಳ್ಳು ಇಳಿಯುವುದನ್ನು ನಾನು ನೋಡುವ ಮುಂಚೆಯೇ ಬಲಗೈ ಲಿವರನ್ನು ಮುಂದಕ್ಕೆ ತಳ್ಳಿತ್ತು.

ಆಗ ಆದದ್ದೇ ಈ ವಿಮಾನದ ನಿಜವಾದ ಗುಣ. ಇಳಿಯುವಾಗ ಪ್ರೊಪೆಲರ್ ಅಷ್ಟೇ ವೇಗದಲ್ಲಿ ತಿರುಗುತ್ತಲೇ ಇರುತ್ತದೆ, ಪವರ್ ಕೊಟ್ಟರೆ ಬ್ಲೇಡುಗಳು ಓರೆಯಾಗಿ ಗಾಳಿಯನ್ನು ಜಾಸ್ತಿ ಕಚ್ಚುತ್ತವೆ. ಆ ಗಾಳಿ ನೇರ ರೆಕ್ಕೆಯ ಮೇಲೆ ಹರಿದು ತಕ್ಷಣ ಎತ್ತುತ್ತದೆ. ಜೆಟ್ ಎಂಜಿನ್ ಕೆಳಗಿನ ವೇಗದಿಂದ ಮೇಲೇಳಲು ಕೆಲವು ಸೆಕೆಂಡ್ ಬೇಕು. ಇಲ್ಲಿ ಕೈ ತಳ್ಳಿದ್ದಕ್ಕೂ ವಿಮಾನ ಎದ್ದದ್ದಕ್ಕೂ ನಡುವೆ ಅಂತರವೇ ಇರಲಿಲ್ಲ. ಇದೇ ಗುಣ ತಿರುಗಿಯೂ ಬೀಳುತ್ತದೆ. ಮೇಲಿರುವಾಗಲೇ ಗಾಬರಿಯಿಂದ ಪವರ್ ಪೂರ್ತಿ ತೆಗೆದರೆ ರೆಕ್ಕೆಯ ಮೇಲಿನ ಗಾಳಿ ಹೋಗಿ ವಿಮಾನ ಕುಸಿಯುತ್ತದೆ. ಹೇಳುತ್ತದೆ, ಕೇಳುತ್ತದೆ, ತಪ್ಪು ಹೇಳಿದರೆ ಅದನ್ನೂ ಹಾಗೇ ಕೇಳುತ್ತದೆ.

ಇದನ್ನೆಲ್ಲ ಇತ್ತೀಚೆಗೆ ಒಂದು ರಾತ್ರಿ ನನ್ನ ಪಕ್ಕದ ಫಸ್ಟ್ ಆಫೀಸರ್‌ಗೆ, ಅಂದರೆ ಸಹ ಪೈಲಟ್‌ಗೆ, ಹೇಳುತ್ತಿದ್ದೆ. ಟ್ರೈನಿಂಗ್ ಮುಗಿದ ಮೇಲೆ ನೇರ ಎ320ಗೆ ಬಂದ ಹುಡುಗಿ. ಅವರ ಇಷ್ಟದ್ದು ಎ320ಯೇ. ಪೂರ್ತಿ ಕೇಳಿಸಿಕೊಂಡು ಹೇಳಿದರು: 'ಸರ್, ಇದೂ ಹೇಳುತ್ತದೆ. ನೀವು ಕೈಯಿಂದ ಕೇಳಲು ನೋಡುತ್ತಿದ್ದೀರಿ. ಇದು ಕಣ್ಣಿಗೆ ಹೇಳುತ್ತದೆ.' ವೇಗದ ಪಟ್ಟಿಯ ಪಕ್ಕ ಒಂದು ಹಳದಿ ಬಾಣ ಇದೆ. ಈಗಿನ ಹಾಗೇ ಮುಂದುವರಿದರೆ 10 ಸೆಕೆಂಡ್ ನಂತರ ವೇಗ ಎಷ್ಟಿರುತ್ತದೆ ಅಂತ ಅದರ ತುದಿ ತೋರಿಸುತ್ತದೆ. ಅದನ್ನು ನಾನು ಸಾವಿರಾರು ಗಂಟೆ ನೋಡಿದ್ದೆ. ಅದನ್ನು ರೀಡಿನ ಕೂಗಿನ ಹಾಗೆ ಯೋಚಿಸಿರಲಿಲ್ಲ.

ಅವರು ಇನ್ನೊಂದು ಮಾತೂ ಹೇಳಿದರು. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇಳಿದದ್ದೂ ಎ320. ಎರಡೂ ಎಂಜಿನ್ ಹೋಗಿದ್ದವು. ಕೊನೆಯಲ್ಲಿ ವೇಗ ತೀರಾ ಇಳಿದಿತ್ತು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಸ್ಟಿಕ್ಕನ್ನು ಪೂರ್ತಿ ಎಳೆದರೂ ಕಂಪ್ಯೂಟರ್ ರೆಕ್ಕೆಯನ್ನು ಸ್ಟಾಲ್ ಆಗಲು ಬಿಡಲಿಲ್ಲ. 155 ಜನರೂ ಬದುಕಿದರು. 'ಅಂಥಾ ಹೊತ್ತಿನಲ್ಲಿ ನನ್ನ ಕೈಗೆ ಕೇಳಿಸದಿದ್ದರೂ ವಿಮಾನಕ್ಕೆ ಕೇಳಿಸಲಿ ಅಲ್ವಾ ಸರ್?' ಅಂದರು. ನನ್ನ ಹತ್ತಿರ ಎದುರು ಮಾತು ಇರಲಿಲ್ಲ. ನನ್ನ ಉತ್ತರ ಇನ್ನೂ ಎಟಿಆರ್ ಅಂತಲೇ ಇದೆ. ಆದರೆ ಎ320 ಮೂಕ ವಿಮಾನ ಅಂತ ಆವತ್ತಿನಿಂದ ಹೇಳಿಲ್ಲ.

ಆ ರಾತ್ರಿ ಆಟೋಪೈಲಟ್ ತೆಗೆದು ಇಳಿಸಿದ್ದು ಅವರೇ. ನಾನು ದಾರಿಯುದ್ದಕ್ಕೂ ಹಳದಿ ಬಾಣವನ್ನೇ ಗಮನಿಸುತ್ತಿದ್ದೆ. ನಾನೂರು ಅಡಿಯಲ್ಲಿ ಅದು ಕೆಳಮುಖವಾಗಿ ಒಂದು ಉಗುರಿನಷ್ಟು ಉದ್ದವಾಯಿತು. 'ಸ್ಪೀಡ್' ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಎಂಜಿನ್‌ಗಳ ಸದ್ದು ಏರತೊಡಗಿತ್ತು. ಸೀಟು ಹಗುರವಾದದ್ದು ನನ್ನ ಬೆನ್ನಿಗೆ ಗೊತ್ತಾಗಿದ್ದು ಅದಾದ ಮೇಲೆ.