ಪದ ಪರಿಚಯ: ಆಲ್ಕಲಿನಿಟಿ

ಇದನ್ನು ಕನ್ನಡದಲ್ಲಿ ಕ್ಷಾರೀಯತೆ ಎನ್ನುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿಂದ. ನೀರು ಈಗ ಎಷ್ಟು ಕ್ಷಾರ ಎಂದು ಹೇಳುವುದು ಪಿಎಚ್. ಆಲ್ಕಲಿನಿಟಿ ಹೇಳುವುದು ಬೇರೆಯದನ್ನು: ಎಷ್ಟು ಹುಳಿ ಹಿಂಡುವವರೆಗೆ ಆ ನೀರು ತಾಳಿಕೊಳ್ಳುತ್ತದೆ ಎಂಬುದನ್ನು. ‘ಹುಳಿತಾಳಿಕೆ’ ಎಂದು ಯಾರಾದರೂ ಹೆಸರಿಟ್ಟಿದ್ದರೆ ನಾನು ಮುಗ್ಗರಿಸುತ್ತಿರಲಿಲ್ಲ.

ಮಂಗಳೂರಿನ ಜೂನ್ ಮಳೆ. ಎರಚಲು ಒಳಗೆ ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ನನ್ನ 60 ಲೀಟರಿನ ಸಮುದ್ರತೊಟ್ಟಿಯ (ಉಪ್ಪುನೀರಿನ ಅಕ್ವೇರಿಯಂ) ಪಿಎಚ್ 7.8ಕ್ಕೆ ಇಳಿದಿತ್ತು. ಗಾಬರಿಯಿಂದ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಸುರಿದೆ. ಪಿಎಚ್ ಜಪ್ಪಯ್ಯ ಎನ್ನಲಿಲ್ಲ. ಇನ್ನೊಂದು ಚಮಚ ಸುರಿದೆ. ಮರುದಿನ ಪಂಪಿನ ಮೈಯೆಲ್ಲ ಒರಟು ಬಿಳಿ ಸುಣ್ಣದ ಪೊರೆ. ಆಲ್ಕಲಿನಿಟಿ 8 ಡಿಗ್ರಿಯಿಂದ 13 ದಾಟಿತ್ತು. ಮುಚ್ಚಿದ ಮನೆಯಲ್ಲಿ ನಮ್ಮ ಉಸಿರು ಮತ್ತು ಗ್ಯಾಸ್ ಒಲೆಯ ಕಾರ್ಬನ್ ಡೈ ಆಕ್ಸೈಡ್ ನೀರಿಗಿಳಿದರೆ ಪಿಎಚ್ ಕುಸಿಯುತ್ತದೆ, ಆಲ್ಕಲಿನಿಟಿ ಮಾತ್ರ ಕದಲುವುದಿಲ್ಲ. ಒಂದು ಕಿಟಕಿ ತೆರೆದಿದ್ದರೆ ಸಾಕಿತ್ತು.

ಅಳತೆ ಸುಲಭ. 5 ಮಿಲಿಲೀಟರ್ ನೀರಿಗೆ ಬಣ್ಣಸೂಚಕ ಬೆರೆತ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಎಣಿಸಬೇಕು. ಕೆಲವು ಕಿಟ್‌ಗಳಲ್ಲಿ ಹನಿಗೊಂದು ಡಿಗ್ರಿ. ಇದು ಜರ್ಮನ್ ಡಿಗ್ರಿ: ಲೀಟರಿಗೆ 10 ಮಿಲಿಗ್ರಾಂ ಸುಟ್ಟ ಸುಣ್ಣಕ್ಕೆ ಸಮ. ಸಮುದ್ರದಲ್ಲಿ ಸುಮಾರು 7 ಇರುತ್ತದೆ, ತೊಟ್ಟಿಯಲ್ಲಿ 8–9 ಇಟ್ಟುಕೊಳ್ಳುವುದು ರೂಢಿ.

ಬಸವನಹುಳು, ಕಲ್ಲಿಗಂಟುವ ಗುಲಾಬಿ ಪಾಚಿ, ಗಟ್ಟಿ ಹವಳ ಎಲ್ಲವೂ ಮೈ ಕಟ್ಟಿಕೊಳ್ಳುವುದು ಆಲ್ಕಲಿನಿಟಿಯನ್ನೂ ಕ್ಯಾಲ್ಸಿಯಮನ್ನೂ ಸೇರಿಸಿ. (ಗಟ್ಟಿ ಹವಳಕ್ಕೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಅದರ ಆಸೆ ಬೇಡ.) ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂನಿಂದ 413ಕ್ಕೆ ಇಳಿಯುವಷ್ಟರಲ್ಲಿ ಆಲ್ಕಲಿನಿಟಿ 8ರಿಂದ 7ಕ್ಕೆ ಬಂದಿರುತ್ತದೆ. ಮೊದಲು ಬರಿದಾಗುವುದು ಇದೇ, ಹಾಗಾಗಿ ಮೊದಲು ಅಳೆಯಬೇಕಾದ್ದೂ ಇದನ್ನೇ.

ತುಂಬಿಕೊಡಲು ಹಳಬರು ಕಾಲ್ಕ್‌ವಾಸರ್ ಬಳಸುತ್ತಾರೆ. ಹೆಸರು ಜರ್ಮನ್, ವಸ್ತು ಸುಣ್ಣದ ತಿಳಿನೀರು. ಹಾಗೆಂದು ಎಲೆಯಡಿಕೆ ತಟ್ಟೆಗೆ ಕೈಹಾಕಬೇಡಿ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು. ಅದರ ಪಿಎಚ್ 12 ದಾಟುವುದರಿಂದ ಆವಿಯಾದಷ್ಟೇ ನೀರಿನ ಜಾಗಕ್ಕೆ ಹನಿಹನಿಯಾಗಿ ಬಿಡಬೇಕು. ಆದರೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ತೊಟ್ಟಿಯ ನೀರು ಎಲ್ಲಿ ಆರೀತು? ಆಗ ಮತ್ತೆ ಅಡುಗೆ ಸೋಡಾವೇ ಗತಿ. ಈಗ ತೂಗಿ ಹಾಕುತ್ತೇನೆ: 60 ಲೀಟರಿಗೆ ಒಂದು ಡಿಗ್ರಿ ಏರಲು 1.8 ಗ್ರಾಂ.